ಕಾಳಿಗೂ ಗಂಗಾವಳಿಗೂ ನಡುವೆ ಒಂದು ಗಾಜಿನ ಎಳೆ

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೆದ್ದಾರಿಯಲ್ಲಿದ್ದ ಜನ, ವಾಹನ ಎಲ್ಲವೂ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ಅದಾಗಿ ಇಪ್ಪತ್ತೆರಡನೇ ದಿನ, ಆಗಸ್ಟ್ 7ರ ನಡುರಾತ್ರಿ, ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದುಬಿತ್ತು. ಈ ಎರಡು ಜಾಗಗಳ ನಡುವೆ ಇರುವ ಊರು ತೋಡೂರು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಡಲು. ನಡುವಿನ ಕಿರಿದಾದ ಪಟ್ಟಿಯಲ್ಲೇ ರಾಷ್ಟ್ರೀಯ ಹೆದ್ದಾರಿ 66 ಹೋಗಬೇಕು, ಕೊಂಕಣ ರೈಲೂ ಹೋಗಬೇಕು. ನಮ್ಮ ಮಾತು, ಹಣ, ಚಿತ್ರಗಳನ್ನು ಹೊತ್ತ ಓಎಫ್‌ಸಿ (ಆಪ್ಟಿಕಲ್ ಫೈಬರ್) ಕೇಬಲ್ಲಿಗೂ ಇಲ್ಲಿ ಬೇರೆ ಜಾಗವಿಲ್ಲ.

ಆ ಕೇಬಲ್ಲಿನೊಳಗಿನ ಗಾಜಿನ ಎಳೆಯ ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು. ಬೆಳಕು ಹರಿಯುವುದು ಅದರ ನಟ್ಟನಡುವಿನ ಸುಮಾರು 9 ಮೈಕ್ರಾನಿನ ತಿರುಳಿನಲ್ಲಿ. ಕೇಬಲ್ ಕಡಿದಾಗ ಜಾಯಿಂಟ್ ಮಾಡುವವರು ಮಳೆಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತು, ಎಳೆಯ ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಕನ್ನಡಿಯಂತೆ ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎದುರುಬದುರು ಇಡುತ್ತಾರೆ. ಒಂದು ವಿದ್ಯುತ್ ಕಿಡಿಗೆ ಎರಡೂ ಕರಗಿ ಒಂದಾಗುತ್ತವೆ. ತಿರುಳುಗಳು ಒಂದೆರಡು ಮೈಕ್ರಾನ್ ಆಚೀಚೆಯಾದರೂ ಬೆಳಕು ಸೋರುತ್ತದೆ. ಒಂದು ಕಾರ್ಖಾನೆಯ ಎಳೆಗೆ ಇನ್ನೊಂದರ ಎಳೆ ಹೊಂದುವುದು ಎಲ್ಲರೂ ಒಂದೇ ಅಳತೆಗೆ ಒಪ್ಪಿರುವುದರಿಂದ. ಆ ಅಳತೆಯ ಹೆಸರು ಜಿ.652. ಅದನ್ನು ಬರೆದದ್ದು ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ. 1865ರಲ್ಲಿ ಟೆಲಿಗ್ರಾಫ್‌ಗಾಗಿ ಹುಟ್ಟಿದ ಸಂಸ್ಥೆ ಅದು.

ಎಷ್ಟೇ ಶುದ್ಧವಾದ ಗಾಜಾದರೂ ಸುಮಾರು 15 ಕಿಲೋಮೀಟರ್ ಸಾಗುವಷ್ಟರಲ್ಲಿ ಬೆಳಕು ಅರ್ಧವಾಗುತ್ತದೆ, 100 ಕಿಲೋಮೀಟರಿಗೆ ನೂರರಲ್ಲಿ ಒಂದು ಪಾಲು ಉಳಿಯುತ್ತದೆ. ಆದ್ದರಿಂದ ದೂರದ ಮಾರ್ಗಗಳಲ್ಲಿ 80–100 ಕಿಲೋಮೀಟರಿಗೊಮ್ಮೆ ಎರ್ಬಿಯಂ ಬೆರೆಸಿದ ಎಳೆಯಲ್ಲಿ ಅದನ್ನು ಮತ್ತೆ ಬಲಪಡಿಸುತ್ತಾರೆ. ದಾರಿಯಲ್ಲಿ ಆಗುವ ಸಣ್ಣ ತಪ್ಪುಗಳಿಗೂ ಮದ್ದಿದೆ. ಜಿ.709 ಎಂಬ ಮಾನಕದಲ್ಲಿ 239 ಬೈಟ್ ಮಾಹಿತಿಯ ಹಿಂದೆ 16 ಬೈಟ್ ಕಾವಲಿಗೆ ಹೋಗುತ್ತವೆ. ಎರಡೂ ಸೇರಿದ ಕಟ್ಟಿನಲ್ಲಿ ಎಂಟು ಬೈಟ್‌ವರೆಗೆ ಕೆಟ್ಟರೂ ಆಚೆ ತುದಿಯ ಯಂತ್ರ ತಾನೇ ಸರಿಪಡಿಸಿಕೊಳ್ಳುತ್ತದೆ.

ಆದರೆ ಜೆಸಿಬಿಯ ಹಲ್ಲಿಗೆ ಸಿಕ್ಕಿದ ಕೇಬಲ್ಲಿಗೆ ಈ ಯಾವ ಗಣಿತವೂ ನೆರವಾಗದು. ಆಗ ಬೇಕಾದದ್ದು ಓಟಿಡಿಆರ್ ಎಂಬ ಪೆಟ್ಟಿಗೆ. ಅದು ಬೆಳಕಿನ ಒಂದು ಮಿಡಿತವನ್ನು ಎಳೆಯೊಳಗೆ ಬಿಟ್ಟು, ಮುರಿದ ಜಾಗದಿಂದ ಹಿಂದಿರುಗುವ ಪ್ರತಿಧ್ವನಿಗೆ ಕಾಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್. ಹೋಗಿ ಬರಲು 230 ಮೈಕ್ರೋಸೆಕೆಂಡ್ ಹಿಡಿದರೆ ಮುರಿದದ್ದು 23 ಕಿಲೋಮೀಟರಿನಲ್ಲಿ. ಆದರೆ ಅದು ಎಳೆಯ ಉದ್ದ, ರಸ್ತೆಯ ಉದ್ದವಲ್ಲ. ಪ್ರತಿ ಜಾಯಿಂಟಿನಲ್ಲೂ ಕೆಲವು ಮೀಟರ್ ಕೇಬಲ್ ಸುತ್ತಿ ಬಿಟ್ಟಿರುತ್ತಾರೆ. ಯಾವ ಜಾಯಿಂಟಿನಲ್ಲಿ ಎಷ್ಟು ಸುತ್ತಿದೆ ಎಂದು ಬರೆದಿಟ್ಟ ಪುಸ್ತಕ ಸರಿಯಿಲ್ಲದಿದ್ದರೆ, ಧಾರಾಕಾರ ಮಳೆಯಲ್ಲಿ ತಪ್ಪು ಜಾಗದಲ್ಲಿ ಹೊಂಡ ತೋಡಬೇಕಾಗುತ್ತದೆ. ನನ್ನ ಮಟ್ಟಿಗೆ ಆ ಪುಸ್ತಕ ಯಂತ್ರಕ್ಕಿಂತ ಕಡಿಮೆಯದಲ್ಲ.

ದುರಸ್ತಿ ಮುಗಿಯುವ ತನಕ ಜನರ ಮಾತು ನಿಲ್ಲಬಾರದು ಎಂದೇ ಜಾಲವನ್ನು ಉಂಗುರದಂತೆ ಕಟ್ಟುವುದು. ಒಂದು ಕಡೆ ಕಡಿದರೆ ಬೆಳಕು ಇನ್ನೊಂದು ಕಡೆಯಿಂದ ಸುತ್ತಿ ಬರುತ್ತದೆ. ಇಂಥ ಉಂಗುರಗಳ ಮಾನಕದ ಪ್ರಕಾರ ಈ ಬದಲಾವಣೆ 50 ಮಿಲಿಸೆಕೆಂಡಿನೊಳಗೆ ಆಗಬೇಕು, ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಇದರ ಲಾಭ ದೊಡ್ಡದು. ಒಂದು ದಾರಿ ಶೇಕಡಾ 99.9ರಷ್ಟು ಹೊತ್ತು ಸರಿಯಿದೆ ಎಂದರೆ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ಸತ್ತಿರುತ್ತದೆ ಎಂದರ್ಥ. ಅಂಥವೇ ಎರಡು ದಾರಿಗಳಿದ್ದರೆ ಎರಡೂ ಒಟ್ಟಿಗೆ ಸತ್ತಿರುವುದು ವರ್ಷಕ್ಕೆ ಸುಮಾರು 32 ಸೆಕೆಂಡ್ ಮಾತ್ರ.

ಈ 32 ಸೆಕೆಂಡಿನ ಹಿಂದೆ ಒಂದು ಷರತ್ತಿದೆ: ಒಂದು ದಾರಿ ಕೆಟ್ಟದ್ದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧ ಇರಬಾರದು. ಕಾಳಿಯ ಮೇಲೆ ಎರಡು ಸೇತುವೆಗಳು ಅಕ್ಕಪಕ್ಕದಲ್ಲಿದ್ದವು. ಹಳೆಯದು ಬಿದ್ದಾಗ, ಪರೀಕ್ಷೆ ಆಗುವ ತನಕ ಹೊಸದರ ಮೇಲೂ ವಾಹನ ನಿಲ್ಲಿಸಬೇಕಾಯಿತು. ಕೇಬಲ್ಲಿನ ಪಾಡೂ ಹೀಗೆಯೇ. ನಕ್ಷೆಯಲ್ಲಿ ಎರಡು ಬಣ್ಣದ ಗೆರೆಗಳು ಕಂಡರೂ ನೆಲದಲ್ಲಿ ಎರಡೂ ಒಂದೇ ಗುಂಡಿಯಲ್ಲಿ ಮಲಗಿರಬಹುದು, ಒಂದೇ ಮೋರಿಯನ್ನು ದಾಟಿರಬಹುದು. ಬೇರೆ ಬೇರೆ ಕಂಪನಿಯ ಸಿಮ್ ಎರಡಿದ್ದರೂ ಎರಡೂ ಒಟ್ಟಿಗೆ ಸತ್ತರೆ ಕಾರಣ ಅಲ್ಲೇ ಇರುತ್ತದೆ.

ತೋಡೂರಿನಂಥ ಊರಿಗೆ ನಿಜವಾದ ಉಂಗುರ ಬೇಕಾದರೆ ಒಂದು ಎಳೆ ದಕ್ಷಿಣಕ್ಕೆ ಅಂಕೋಲಾ ತಲುಪಿ ಅರಬೈಲ್ ಘಟ್ಟ ಹತ್ತಬೇಕು. ಇನ್ನೊಂದು ಉತ್ತರಕ್ಕೆ ಕಾರವಾರ ಸೇರಿ ಕದ್ರಾ, ಕೈಗಾ ಮೇಲಿಂದ ಹೋಗಬೇಕು. ಎರಡೂ ಯಲ್ಲಾಪುರದ ಕಡೆ ಕೂಡಿಕೊಳ್ಳಲಿ. ಎರಡೂ ಘಟ್ಟದ ಮೇಲೆ ಸುರಿಯುವುದು ಒಂದೇ ಆಷಾಢದ ಮಳೆ, ಆದ್ದರಿಂದ ಲೆಕ್ಕದ 32 ಸೆಕೆಂಡ್ ಇಲ್ಲಿ ಸಿಗಲಿಕ್ಕಿಲ್ಲ. ಆದರೂ ಒಂದೇ ಗುಡ್ಡದ ಬುಡದಲ್ಲಿ ಎರಡು ಕೇಬಲ್ ಹೂಳುವುದಕ್ಕಿಂತ ಇದು ಎಷ್ಟೋ ಮೇಲು. ಶಿರೂರಿನಂಥ ದಿನ ಆಂಬುಲೆನ್ಸ್‌ಗೆ ಫೋನ್ ಮಾಡುವವನಿಗೆ ಕರೆ ಹೋಗಲೇಬೇಕು.