ಎರಡು ವರ್ಷದ ನರ್ಸಿಂಗ್ ಪದವಿ: ಸೇರುವ ಮುನ್ನ ಲೆಕ್ಕ

ಬಾಳೂರಿನ ಸಣ್ಣ ಕಾಫಿ ವ್ಯಾಪಾರಿಯೊಬ್ಬರ ಮಗಳು ಜಿಎನ್‌ಎಂ ಡಿಪ್ಲೊಮಾ ಮುಗಿಸಿ, ನೋಂದಾಯಿತ ಶುಶ್ರೂಷಕಿಯಾಗಿ ದುಡಿಯುತ್ತಿದ್ದಾಳೆಂದು ಭಾವಿಸಬಹುದು. ನಾಲ್ಕು ವರ್ಷದ ಬಿ.ಎಸ್ಸಿ.ಗೆ ಬದಲು ಆಕೆಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ತೆರೆದಿದೆ. ಸೇರಬೇಕೆ?

ಕುಟುಂಬಗಳು ಶುಲ್ಕವನ್ನಷ್ಟೇ ಎಣಿಸುತ್ತವೆ. ಕೈಬಿಡುವ ಸಂಬಳವೂ ಬಂಡವಾಳವೇ. ಉದಾಹರಣೆಗೆ, ಶುಲ್ಕಾದಿ ವೆಚ್ಚ ರೂ. 2,40,000, ಮಾಸಿಕ ರೂ. 15,000ದಂತೆ 24 ತಿಂಗಳ ಸಂಬಳ ರೂ. 3,60,000, ಒಟ್ಟು ರೂ. 6,00,000. ಪದವಿಯಿಂದ ತಿಂಗಳಿಗೆ ರೂ. 8,000 ಹೆಚ್ಚಿದರೆ, ಬಡ್ಡಿ ಬಿಟ್ಟು, ಅಸಲು ಮರಳಲು ಆರೂಕಾಲು ವರ್ಷ, ರೂ. 4,000 ಆದರೆ ಹನ್ನೆರಡೂವರೆ ವರ್ಷ.

ಕಾಫಿ ಹಣ ವರ್ಷಕ್ಕೊಮ್ಮೆ ಬರುತ್ತದೆ. ಸಾಲದ ಕಂತು ತಿಂಗಳಿಗೊಮ್ಮೆ. ಬಡ್ಡಿಗೆ ತೆರಿಗೆ ಕಡಿತವು ಹಳೆಯ ಪದ್ಧತಿಯಲ್ಲಿ ಮಾತ್ರ, ಗರಿಷ್ಠ 8 ವರ್ಷ.

ಎಂ.ಎಸ್ಸಿ. ವ್ಯಾಸಂಗಕ್ಕೆ ಪದವಿ ಅನಿವಾರ್ಯ. ಅದೇ ಗುರಿಯಾದರೆ ಸೇರುವುದು ಸೂಕ್ತ. ಪದವಿಯ ನಂತರವೂ ಅದೇ ವಾರ್ಡು, ಅದೇ ಸಂಬಳವಾದರೆ ಕಾಯುವುದೇ ಲೇಸು.