ಕಿಟ್ಟದ ಬೆನ್ನು ಹತ್ತಿದ ಬಾಟಲಿ

1970ರಲ್ಲಿ ಅಮೆರಿಕದ ಟಿವಿಯಲ್ಲಿ ಒಂದು ಜಾಹೀರಾತು ಬರುತ್ತಿತ್ತು. ಕಾರಿನ ಸೈಲೆನ್ಸರ್ ಬಾಯಿಗೆ ದೊಡ್ಡ ಪಾರದರ್ಶಕ ಬಲೂನು ಕಟ್ಟಿ ಇಂಜಿನ್ ಚಾಲೂ ಮಾಡುತ್ತಾರೆ, ಬಲೂನಿನ ತುಂಬ ಕಪ್ಪು ಹೊಗೆ. ಎಫ್-310 ಎಂಬ ರಾಸಾಯನಿಕ ಬೆರೆತ ಪೆಟ್ರೋಲನ್ನು ಆರು ಟ್ಯಾಂಕ್ ಸುಟ್ಟ ಮೇಲೆ ಬಲೂನು ತಿಳಿಯಾಗಿ ಉಬ್ಬುತ್ತದೆ. ಇದನ್ನೆಲ್ಲ ಜನರಿಗೆ ತೋರಿಸಿದವರು ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್. ಪೆಟ್ರೋಲು ಶೆವ್ರಾನ್ ಬಂಕುಗಳದು. ಈ ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ತೀರ್ಪು ಕೊಟ್ಟಿತು. ಮೊದಲ ದೃಶ್ಯಕ್ಕಾಗಿ ಇಂಜಿನನ್ನು ಬೇಕೆಂದೇ ಕೊಳೆ ಮಾಡಿದ್ದರು. ಬಲೂನು ತಿಳಿಯಾಯಿತೆಂದು ಕಣ್ಣಿಗೆ ಕಾಣದ ವಿಷಾನಿಲ ಮಾಯವಾಗುವುದೂ ಇಲ್ಲ.

ಆದರೂ ಎಫ್-310 ಬರೀ ಬಣ್ಣದ ನೀರಾಗಿರಲಿಲ್ಲ. ಅದರಲ್ಲಿದ್ದದ್ದು ಪಾಲಿಬ್ಯುಟೀನ್ ಅಮೈನ್, ನಿಜಕ್ಕೂ ಕೊಳೆ ಬಿಡಿಸುವ ವಸ್ತು. ಸತ್ಯದ ಜೊತೆಗೇ ಉತ್ಪ್ರೇಕ್ಷೆಯೂ ಇರುವ ಈ ಪಾಡು, ಟ್ಯಾಂಕಿಗೆ ಸುರಿಯಲೆಂದು ಬಾಟಲಿಯಲ್ಲಿ ಮಾರುವ ಇಂಧನ ಕ್ಲೀನರ್‌ಗಳಿಗೆ ಇವತ್ತಿಗೂ ತಪ್ಪಿಲ್ಲ. ಇಂಜಿನ್ನಿನಲ್ಲಿ ಕಿಟ್ಟ ಕೂರುವ ಜಾಗ ಬದಲಾದಂತೆಲ್ಲ ಬಾಟಲಿಯೊಳಗಿನ ದ್ರವವೂ ಬದಲಾಗುತ್ತ ಬಂದಿದೆ. ಈ ಹಾದಿ ಗೊತ್ತಿದ್ದರೆ, ಅಂಗಡಿಯ ಕಪಾಟಿನಲ್ಲಿ ಸಾಲಾಗಿ ನಿಂತ ಬಾಟಲಿಗಳಲ್ಲಿ ಯಾವುದಕ್ಕೆ ಕೈ ಹಾಕಬೇಕೆಂಬುದು ಅರ್ಧ ತೀರ್ಮಾನವಾದಂತೆಯೇ.

ಮೊದಲು ಕಿಟ್ಟ ಕೂತದ್ದು ಕಾರ್ಬ್ಯುರೇಟರಿನಲ್ಲಿ. 1950ರ ದಶಕದಲ್ಲಿ ಅಮೆರಿಕದ ಕಂಪನಿಗಳು ಪೆಟ್ರೋಲಿಗೇ ಡಿಟರ್ಜೆಂಟ್ ಬೆರೆಸತೊಡಗಿದವು. ಇದರ ಅಣುವಿನ ಕೆಲಸ ಸೋಪಿನದ್ದೇ. ಒಂದು ತುದಿ ಕೊಳೆಗೆ ಅಂಟುತ್ತದೆ, ಇನ್ನೊಂದು ತುದಿ ಪೆಟ್ರೋಲಿನಲ್ಲಿ ಬೆರೆತು ಕೊಳೆಯನ್ನು ಎಳೆದೊಯ್ಯುತ್ತದೆ. ಕಾರ್ಬ್ಯುರೇಟರು ಅಷ್ಟೇನೂ ಬಿಸಿಯಾಗದ ಭಾಗವಾದ್ದರಿಂದ ಸಾಧಾರಣ ಡಿಟರ್ಜೆಂಟೇ ಸಾಕಾಗುತ್ತಿತ್ತು.

ನಿಜವಾದ ತಲೆನೋವು ಶುರುವಾದದ್ದು 1980ರ ದಶಕದ ನಡುವೆ, ಅಮೆರಿಕದ ಕಾರುಗಳಿಗೆ ಇನ್‌ಟೇಕ್ ವಾಲ್ವಿನ ಹಿಂದೆ ಪೆಟ್ರೋಲ್ ಸಿಂಪಡಿಸುವ ಪೋರ್ಟ್ ಇಂಜೆಕ್ಷನ್ ಬಂದಾಗ. ಇಂಜೆಕ್ಟರಿನ ತುದಿಯ ಸಂದು ಅತಿ ಸಣ್ಣದು. ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ನಿನ ಕಾವು ಮೇಲೇರಿ ಆ ತುದಿಯಲ್ಲಿ ಉಳಿದ ಪೆಟ್ರೋಲಿನ ಹನಿಯನ್ನು ಬೇಯಿಸುತ್ತದೆ. ಹಗುರ ಭಾಗ ಆವಿಯಾಗಿ, ಭಾರದ ಭಾಗ ಅಂಟಾಗಿ, ಕೊನೆಗೆ ಗಟ್ಟಿ ಕಿಟ್ಟವಾಗುತ್ತದೆ. ಹತ್ತಿರದ ಮಾರ್ಕೆಟ್ಟಿಗೆ ಹೋಗಿ ನಿಲ್ಲಿಸಿ, ಮತ್ತೆ ಹೊರಟು, ಮತ್ತೆ ನಿಲ್ಲಿಸುವ ಕಾರಿಗೆ ಈ ಕಾಟ ಹೆಚ್ಚು. ಇಂಜೆಕ್ಟರ್ ಸರಿಯಾಗಿ ಸಿಂಪಡಿಸದಿದ್ದರೆ ಐಡ್ಲಿಂಗ್ ನಡುಗುತ್ತದೆ, ಪಿಕಪ್ ಕುಗ್ಗುತ್ತದೆ.

ಅದೇ ಹೊತ್ತಿಗೆ ಇನ್‌ಟೇಕ್ ವಾಲ್ವುಗಳ ಬೆನ್ನಿನ ಮೇಲೂ ಕಿಟ್ಟ ಕೂತಿತು. ಇದನ್ನು ಅಳೆಯಲು ಬಿಎಂಡಬ್ಲ್ಯು ಕಂಪನಿ ತನ್ನ 318ಐ ಕಾರನ್ನು 10,000 ಮೈಲಿ ಓಡಿಸುವ ಪರೀಕ್ಷೆ ರೂಪಿಸಿತು. ಕೊನೆಗೆ ಒಂದೊಂದು ವಾಲ್ವಿನ ಮೇಲೆ ಸರಾಸರಿ 100 ಮಿಲಿಗ್ರಾಂ ಮೀರದಷ್ಟೇ ಕಿಟ್ಟ ಇದ್ದರೆ ಆ ಪೆಟ್ರೋಲು ಪಾಸು. ವಾಲ್ವಿನ ಬಿಸಿಯಲ್ಲೂ ಕೆಡದೆ, ದಹನಕೋಣೆಯಲ್ಲಿ ತಾನೇ ಮಸಿಯಾಗದೆ ಕೆಲಸ ಮಾಡುವ ವಸ್ತು ಬೇಕಾಗಿತ್ತು. ಆ ಹುಡುಕಾಟದಲ್ಲಿ ಗೆದ್ದದ್ದು ಪಾಲಿಈಥರ್ ಅಮೈನ್, ಚಿಕ್ಕದಾಗಿ ಪಿಇಎ. ಶೆವ್ರಾನ್ ಕಂಪನಿಯ ಟೆಕ್ರಾನ್ ಎಂಬ ಕ್ಲೀನರ್ ಇದೇ ಕುಲದ್ದು. 1995ರ ಜನವರಿ 1ರಿಂದ ಅಮೆರಿಕದಲ್ಲಿ ಮಾರುವ ಎಲ್ಲ ಪೆಟ್ರೋಲಿಗೂ ಡಿಟರ್ಜೆಂಟ್ ಕಡ್ಡಾಯವಾಯಿತು. ಆ ಕನಿಷ್ಠ ಪ್ರಮಾಣ ಸಾಲದೆಂದು 2004ರಲ್ಲಿ ಬಿಎಂಡಬ್ಲ್ಯು, ಜನರಲ್ ಮೋಟರ್ಸ್, ಹೊಂಡಾ, ಟೊಯೊಟಾ ಸೇರಿ ಟಾಪ್ ಟಿಯರ್ ಎಂಬ ಹೆಚ್ಚಿನ ಮಾನದಂಡ ತಂದವು.

ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಮಾರುತಿ 800ಕ್ಕೂ ಎಂಪಿಎಫ್‌ಐ, ಅಂದರೆ ಇದೇ ಪೋರ್ಟ್ ಇಂಜೆಕ್ಷನ್, ಬಂತು, ಕಾರ್ಬ್ಯುರೇಟರ್ ತೊಳೆದು ಟ್ಯೂನ್ ಮಾಡುವ ಗ್ಯಾರೇಜ್ ಕೆಲಸ ಹಿಂದೆ ಸರಿಯಿತು. ಕ್ಲೀನರ್ ಬಾಟಲಿಗಳ ಮಾರಾಟಕ್ಕೆ ದಾರಿಯಾದದ್ದು ಅಲ್ಲಿಂದ ಎನ್ನಬಹುದು.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಪೋರ್ಟ್ ಇಂಜೆಕ್ಷನ್ನಿನ ಪೆಟ್ರೋಲ್ ಕಾರಿಗೆ ಪಿಇಎ ಇರುವುದೇ ನನ್ನ ಆಯ್ಕೆ. ಚೀಟಿಯ ಮೇಲೆ ಹೆಸರು ಕಾಣದಿದ್ದರೆ ಕಂಪನಿಯ ಸುರಕ್ಷತಾ ವಿವರಪತ್ರ ನೋಡಬಹುದು. ಅಲ್ಲೂ ಬರೀ ಸೀಮೆಎಣ್ಣೆಯಂಥ ದ್ರಾವಕಗಳ ಹೆಸರೇ ಇದ್ದರೆ ಬಿಟ್ಟುಬಿಡಿ. ಕೆಲವು ಬಾಟಲಿಗಳಲ್ಲಿರುವ ಪಾಲಿಐಸೊಬ್ಯುಟಿಲೀನ್ ಅಮೈನ್ ಎಂಬ ಇನ್ನೊಂದು ಡಿಟರ್ಜೆಂಟ್ ಇಂಜೆಕ್ಟರು, ವಾಲ್ವುಗಳನ್ನು ಚೊಕ್ಕವಾಗಿಡುತ್ತದೆ. ದಹನಕೋಣೆಯ ಹಳೆಯ ಕಿಟ್ಟ ಮಾತ್ರ ಅದಕ್ಕೆ ಜಗ್ಗುವುದಿಲ್ಲ. ಬಾಟಲಿಯನ್ನು ಮೊದಲು ಟ್ಯಾಂಕಿಗೆ ಸುರಿದು ಆಮೇಲೆ ಪೆಟ್ರೋಲ್ ತುಂಬಿಸಿದರೆ ಚೆನ್ನಾಗಿ ಬೆರೆಯುತ್ತದೆ. ಚೀಟಿಯಲ್ಲಿ ಹೇಳಿದ ಅಳತೆ ಮೀರಬಾರದು.

ನೇರವಾಗಿ ಸಿಲಿಂಡರಿಗೇ ಪೆಟ್ರೋಲ್ ಸಿಂಪಡಿಸುವ ಟರ್ಬೊ ಕಾರುಗಳ ಲೆಕ್ಕ ಬೇರೆ. ಅಲ್ಲಿ ಪೆಟ್ರೋಲು ಇನ್‌ಟೇಕ್ ವಾಲ್ವನ್ನು ಮುಟ್ಟುವುದೇ ಇಲ್ಲ. ಟ್ಯಾಂಕಿಗೆ ಎಷ್ಟು ದುಬಾರಿ ಬಾಟಲಿ ಸುರಿದರೂ ಆ ವಾಲ್ವಿನ ಕಿಟ್ಟ ಅಲ್ಲೇ ಇರುತ್ತದೆ. ಅದಕ್ಕೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟದ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುತ್ತಾರೆ. ಈ ಮಾತನ್ನು ಬಾಟಲಿ ಮಾರುವವರು ದೊಡ್ಡಕ್ಷರದಲ್ಲಿ ಮುದ್ರಿಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಇನ್ನು ಡೀಸೆಲ್ ಗಾಡಿಗಳು. ಡೀಸೆಲ್ ಇಂಜೆಕ್ಷನ್ ಬೆಂಗಳೂರಿಗೆ ಹೊಸದಲ್ಲ, ಆಡುಗೋಡಿಯ ಮೈಕೊ ಕಾರ್ಖಾನೆ ದಶಕಗಳ ಕಾಲ ಅದರ ಪಂಪುಗಳನ್ನು ಮಾಡಿದೆ. ಆ ಪಂಪಿಗೆ ಡೀಸೆಲ್ಲೇ ಕೀಲೆಣ್ಣೆ. ಪೆಟ್ರೋಲಿಗೆಂದು ಮಾಡಿದ ಕ್ಲೀನರನ್ನು ಡೀಸೆಲ್ ಗಾಡಿಗೆ ಹಾಕಬಾರದು, ಆ ಜಾರುಗುಣಕ್ಕೇ ಕುತ್ತು ಬರಬಹುದು.

ಈಗ ಎಥನಾಲ್ ಸರದಿ. ಶೇಕಡ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಟ್ಯಾಂಕಿನ ತಳದ ಜಿಡ್ಡನ್ನು ಸಡಿಲಿಸುತ್ತದೆ. ಬಿಟ್ಟುಕೊಂಡ ಆ ಜಿಡ್ಡು ಹೋಗಿ ಸಿಕ್ಕಿಕೊಳ್ಳುವುದು ಫಿಲ್ಟರಿನಲ್ಲಿ. ಇ20ಕ್ಕೆ ತಕ್ಕುದಲ್ಲದ ರಬ್ಬರ್ ಪೈಪು, ಸೀಲುಗಳನ್ನು ಯಾವ ಕ್ಲೀನರೂ ಕಾಯುವುದಿಲ್ಲ. ಹಳೆಯ ಕಾರು ಜರ್ಕ್ ಹೊಡೆಯತೊಡಗಿದರೆ ಮೆಕ್ಯಾನಿಕ್ ಹತ್ತಿರ ಮೊದಲು ಫಿಲ್ಟರು, ಪೈಪು, ಸ್ಪಾರ್ಕ್ ಪ್ಲಗ್ಗುಗಳನ್ನು ನೋಡಿಸಬೇಕು. ಅವೆಲ್ಲ ಸರಿಯಿದ್ದೂ ಜರ್ಕ್ ಉಳಿದರೆ ಆಗ ಒಂದು ಬಾಟಲಿ ಹಾಕಿ ನೋಡಬಹುದು.