ಮಿತಿಯಿಲ್ಲದ ಮನೆಗೆ ಜಾಗ ಸಾಲದು

ಹೊಸ ಬಡಾವಣೆಗಳಲ್ಲಿ ಸಂಜೆ ನಡೆದಾಡುವವರಿಗೆ ಈ ನೋಟ ಪರಿಚಿತ. ಲಕ್ಷಾಂತರ ರೂಪಾಯಿಯ ಕಾರು ಬಿಸಿಲು ಮಳೆಗೆ ಮೈಯೊಡ್ಡಿ ಬೀದಿಯಲ್ಲಿ ನಿಂತಿರುತ್ತದೆ. ಅದಕ್ಕೆಂದೇ ಕಟ್ಟಿಸಿದ ಶೆಡ್ಡಿನಲ್ಲಿ ಕಾಲು ಮುರಿದ ಕುರ್ಚಿ, ಗಾಳಿಯಿಳಿದ ಸೈಕಲ್ಲು, ಕೆಟ್ಟ ಮಿಕ್ಸಿ, ತುಕ್ಕು ಹಿಡಿದ ಟ್ರಂಕು, ಮನೆ ಕಟ್ಟಿದಾಗ ಉಳಿದ ಬಣ್ಣದ ಡಬ್ಬಿಗಳು ಸೂರಿನಡಿ ನೆಮ್ಮದಿಯಾಗಿರುತ್ತವೆ. ಹಿಂದಿನ ಮನೆಗಳಲ್ಲಿ ಈ ಭಾರವನ್ನು ಅಟ್ಟ ಹೊರುತ್ತಿತ್ತು. ಈಗ ಶೆಡ್ಡು ಹೊರುತ್ತಿದೆ. ಸ್ಥಳ ಬದಲಾದರೂ ಅಲ್ಲಿಗೆ ವಸ್ತುವನ್ನು ಕಳುಹಿಸುವ ಮಾತು ಬದಲಾಗಿಲ್ಲ: ‘ಇರಲಿ, ಎಂದಾದರೂ ಬೇಕಾದೀತು.’

ಜೈನಾಚಾರ್ಯರು ಈ ‘ಇರಲಿ’ ಎಂಬ ಭಾವವನ್ನು ಬಹಳ ಸೂಕ್ಷ್ಮವಾಗಿ ಪರೀಕ್ಷಿಸಿದ್ದಾರೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಪರಿಗ್ರಹದ ಲಕ್ಷಣವನ್ನು ವಸ್ತುಗಳ ಎಣಿಕೆಯಿಂದ ಹೇಳುವುದಿಲ್ಲ. ಮೂರ್ಛೆ ಎಂಬ ಪದದಿಂದ ಹೇಳುತ್ತದೆ. ‘ಇದು ನನ್ನದು’ ಎಂಬ ಮಮಕಾರದಲ್ಲಿ ಆತ್ಮವು ಎಚ್ಚರ ತಪ್ಪುವುದೇ ಮೂರ್ಛೆ. ದಿನವೂ ಬಳಸುವ ಪಾತ್ರೆಯಲ್ಲಿ ಉಪಯೋಗವೆಷ್ಟು, ಮಮಕಾರವೆಷ್ಟು ಎಂದು ಬೇರ್ಪಡಿಸಿ ನೋಡುವುದು ಕಷ್ಟ. ಶೆಡ್ಡಿನ ಸಾಮಾನಿನಲ್ಲಿ ಆ ತೊಡಕಿಲ್ಲ. ಅಲ್ಲಿ ಏನೇನಿದೆ ಎಂಬುದೇ ನಮಗೆ ನೆನಪಿರುವುದಿಲ್ಲ. ಹತ್ತು ವರ್ಷದಿಂದ ಮುಟ್ಟಿರುವುದಿಲ್ಲ. ಆದರೂ ಯಾರಾದರೂ ಕೇಳಿದರೆ ಕೊಡಲು ಕೈ ಹಿಂಜರಿಯುತ್ತದೆ. ಉಪಯೋಗವೆಲ್ಲ ಕಳೆದು ಮಮತೆಯೊಂದೇ ಉಳಿದಿರುವ ಸ್ಥಿತಿ ಅದು. ಮೂರ್ಛೆ ಎಂದರೇನೆಂದು ತಿಳಿಯಬಯಸುವವನು ತನ್ನ ಶೆಡ್ಡಿನ ಬಾಗಿಲು ತೆರೆದು ನೋಡಬಹುದು.

ಶಾಸ್ತ್ರವು ಅಂತರಂಗದ ಪರಿಗ್ರಹವನ್ನು ಹದಿನಾಲ್ಕು ಬಗೆಯೆಂದೂ ಬಹಿರಂಗದ ಪರಿಗ್ರಹವನ್ನು ಹತ್ತು ಬಗೆಯೆಂದೂ ಎಣಿಸುತ್ತದೆ. ಆ ಹತ್ತರಲ್ಲಿ ಹೊಲ, ಮನೆ, ಚಿನ್ನ, ಧಾನ್ಯಗಳ ಜೊತೆಗೆ ಕುಪ್ಯ, ಭಾಂಡ ಎಂಬವೂ ಸೇರಿವೆ. ಎಂದರೆ ಬಟ್ಟೆಬರೆ, ಪಾತ್ರೆಪಡಗ ಮುಂತಾದ ಗೃಹೋಪಕರಣಗಳು. ಪಿಂಛಿ, ಕಮಂಡಲು, ಶಾಸ್ತ್ರ ಇಷ್ಟರಲ್ಲೇ ಬಾಳುವ ದಿಗಂಬರ ಮುನಿಯ ಮಹಾವ್ರತವನ್ನು ಶ್ರಾವಕನಿಂದ ಯಾರೂ ನಿರೀಕ್ಷಿಸುವುದಿಲ್ಲ. ಅವನಿಗೆ ವಿಧಿಸಿರುವುದು ಪರಿಗ್ರಹ ಪರಿಮಾಣ ಅಣುವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣ ಎಂಬ ಇನ್ನೊಂದು ಹೆಸರನ್ನೂ ಕೊಟ್ಟಿದ್ದಾರೆ; ಈ ವ್ರತದ ಐದು ಅತಿಚಾರಗಳಲ್ಲಿ ಅತಿಸಂಗ್ರಹವನ್ನೂ ಸೇರಿಸಿದ್ದಾರೆ.

ಇಚ್ಛಾಪರಿಮಾಣ ಎಂಬ ಹೆಸರು ವಿಚಾರಾರ್ಹ. ಅಳತೆ ಬೀಳಬೇಕಾದದ್ದು ಇಚ್ಛೆಗೆ. ನಾವಾದರೋ ಕೋಣೆಯನ್ನು ಅಳೆಯಲು ಹೊರಡುತ್ತೇವೆ. ಶೆಡ್ಡು ತುಂಬಿತೆಂದರೆ ಕಬ್ಬಿಣದ ರ‍್ಯಾಕು ತರುತ್ತೇವೆ. ಅದೂ ತುಂಬಿತೆಂದರೆ ಸಜ್ಜಾ ಹಾಕಿಸುತ್ತೇವೆ. ದೊಡ್ಡ ನಗರಗಳಲ್ಲಿ ಗೃಹೋಪಯೋಗಿ ಸಾಮಾನುಗಳನ್ನು ಇಟ್ಟುಕೊಳ್ಳಲು ತಿಂಗಳ ಬಾಡಿಗೆಗೆ ಗೋದಾಮುಗಳೂ ದೊರೆಯುತ್ತವೆ. ವರ್ಗಾವಣೆಯಾದವರಿಗೆ, ಮನೆ ದುರಸ್ತಿ ಮಾಡಿಸುವವರಿಗೆ ಅದು ಅನುಕೂಲವೇ ಸರಿ. ಆದರೆ ಬೇಡವಾದದ್ದನ್ನು ಬಿಡಲಾರದೆ ಬಾಡಿಗೆ ಕಟ್ಟಿದರೆ ವಸ್ತು ಮಾತ್ರ ಸ್ಥಳಾಂತರವಾಯಿತು. ಮೂರ್ಛೆ ಮನೆಯಲ್ಲೇ ಉಳಿಯಿತು. ಆದ್ದರಿಂದ ಮೊದಲು ಮಿತಿ, ಆಮೇಲೆ ಜಾಗ. ‘ಒಂದು ರ‍್ಯಾಕು, ಎರಡು ಟ್ರಂಕು, ಇದಕ್ಕೆ ಮೀರಿದ್ದು ನಮ್ಮ ಮನೆಯಲ್ಲಿ ಇರಬಾರದು’ ಎಂದು ಮನೆಮಂದಿಯೆಲ್ಲ ಕುಳಿತು ನಿರ್ಧರಿಸುವುದೇ ಈ ಕಾಲಕ್ಕೊಪ್ಪುವ ಪರಿಮಾಣವ್ರತ.

ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಅಹಿಂಸೆ ಮರೆಯಾಗಬಾರದು. ಬಹುಕಾಲ ಅಲುಗದ ಸಾಮಾನಿನ ನಡುವೆ ಜೇಡ, ಜಿರಲೆ, ಗೆದ್ದಲು, ಹಲ್ಲಿಯ ಮೊಟ್ಟೆ, ಇಲಿಮರಿ ಎಲ್ಲವೂ ಸೇರಿಕೊಂಡಿರುತ್ತವೆ. ಬಾಗಿಲು ತೆರೆದೊಡನೆ ವಿಷ ಸಿಂಪಡಿಸುವುದು ಈಗಿನ ರೂಢಿ. ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ, ಮೃದುವಾಗಿ ಗುಡಿಸಿ ನಡೆದುಕೊಳ್ಳುವುದಕ್ಕೆ ಆದಾನನಿಕ್ಷೇಪಣ ಸಮಿತಿ ಎಂದು ಹೆಸರು. ಮುನಿಗಳ ಪಿಂಛಿ ಇರುವುದೇ ಇದಕ್ಕಾಗಿ. ತತ್ತ್ವಾರ್ಥಸೂತ್ರವು ಇದನ್ನು ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳಲ್ಲಿ ಒಂದೆಂದು ಹೇಳಿರುವುದರಿಂದ ಗೃಹಸ್ಥನೂ ಇದನ್ನು ಅಭ್ಯಾಸ ಮಾಡಬೇಕು. ಜೀವೋತ್ಪತ್ತಿ ಹೆಚ್ಚುವ ಮಳೆಗಾಲಕ್ಕೆ ಮೊದಲೇ, ಹಗಲ ಬೆಳಕಿನಲ್ಲಿ, ಒಂದೊಂದೇ ವಸ್ತುವನ್ನು ಸರಿಸುತ್ತ, ಜೀವಿಗಳು ಹೊರಹೋಗಲು ಒಂದು ದಾರಿ ಬಿಟ್ಟು ಕೆಲಸ ಮಾಡಬೇಕು. ಹಳೆಯ ಟೈರಿನಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ. ಸೊಳ್ಳೆಯಾಯಿತೆಂದು ಔಷಧಿ ಹೊಡೆಯುತ್ತೇವೆ. ಕೂಡಿಟ್ಟ ದಿನವೇ ಈ ಹಿಂಸೆಗೆ ಬೀಜ ಬಿತ್ತಾಗಿರುತ್ತದೆ.

ಹೊರತೆಗೆದದ್ದನ್ನು ಏನು ಮಾಡಬೇಕು? ಮನೆಯ ಹಿರಿಯರು ಕೊನೆಯ ದಿನಗಳಲ್ಲಿ ಬಳಸಿದ ಗಾಲಿಕುರ್ಚಿ, ವಾಕರು, ಎತ್ತರಿಸುವ ಮಂಚ ಎಷ್ಟೋ ಶೆಡ್ಡುಗಳಲ್ಲಿ ಧೂಳು ಹಿಡಿದಿವೆ. ಅದೇ ಬೀದಿಯಲ್ಲಿ ಸೊಂಟ ಮುರಿದ ಅಜ್ಜಿಯೊಬ್ಬರು ಹೊರಗಿನ ಬೆಳಕು ಕಾಣದೆ ಮಲಗಿರಬಹುದು. ಅಗಲಿದವರ ವಸ್ತುವನ್ನು ಕೊಟ್ಟುಬಿಟ್ಟರೆ ಅವರನ್ನೇ ಮರೆತಂತೆ ಎಂಬ ಅಳುಕು ನಮ್ಮನ್ನು ತಡೆಯುತ್ತದೆ. ತಂದೆಯವರ ಕನ್ನಡಕವನ್ನೋ ತಾಯಿಯವರ ಸ್ವಾಧ್ಯಾಯದ ಪುಸ್ತಕವನ್ನೋ ನೆನಪಿಗೆ ಇಟ್ಟುಕೊಳ್ಳೋಣ. ಆದರೆ ಅವರ ಗಾಲಿಕುರ್ಚಿ ಇನ್ನೊಬ್ಬರನ್ನು ಬಸದಿಯ ಬಾಗಿಲಿಗೆ ಕರೆದೊಯ್ದರೆ, ಅದೇ ಅವರ ಹೆಸರಿನಲ್ಲಿ ಸಂದ ಉಪಕರಣ ದಾನ. ಕೊಡುವ ಮುನ್ನ ತೊಳೆದು, ಸಡಿಲವಾದ ಮೊಳೆ ಬಿಗಿಸಿ, ಗೌರವದಿಂದ ಕೊಡಬೇಕು. ಮುರಿದದ್ದನ್ನು ದಾಟಿಸುವುದು ದಾನವಾಗದು; ಅದನ್ನು ಗುಜರಿಗೆ ಹಾಕುವುದೇ ಪ್ರಾಮಾಣಿಕತನ. ಅವಧಿ ಮುಗಿದ ಮಾತ್ರೆಗಳನ್ನಂತೂ ಯಾರಿಗೂ ಕೊಡಬಾರದು. ಕೆಟ್ಟ ಬ್ಯಾಟರಿ, ವಿದ್ಯುತ್ ಉಪಕರಣಗಳು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಸೇರಬೇಕು.

ಉಳಿಸಿಕೊಂಡದ್ದನ್ನು ಚೆನ್ನಾಗಿ ಇಡುವುದೂ ಧರ್ಮವೇ. ಕಾಪಾಡುವುದು ಬೇರೆ, ಕೂಡಿಡುವುದು ಬೇರೆ. ಮೂಡುಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳ ಕಾಲ ಉಳಿದದ್ದು ಅವುಗಳನ್ನು ಜತನದಿಂದ ಕಾಪಾಡಿದ್ದರಿಂದ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧ. ಒಂದು ಕಡೆ ಜತನ, ಇನ್ನೊಂದು ಕಡೆ ಹಂಚಿಕೆ. ಎರಡರಲ್ಲಿಯೂ ವಸ್ತುವಿನ ಮೇಲೆ ಎಚ್ಚರವಿತ್ತು. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುವ ಸಂಪ್ರದಾಯ ನಮ್ಮದು. ವರ್ಷಕ್ಕೊಮ್ಮೆಯಾದರೂ ತೆರೆದು ನೋಡದ ವಸ್ತುವನ್ನು ನಾವು ಕಾಪಾಡುತ್ತಿದ್ದೇವೆ ಎನ್ನಲಾಗದು. ಉಳಿದ ಸಾಮಾನುಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲಿರಿಸಿ, ಗೋಡೆಯಿಂದ ಒಂದು ಗೇಣು ಬಿಟ್ಟು, ಪೆಟ್ಟಿಗೆಯ ಮೇಲೆ ಒಳಗಿರುವುದರ ಹೆಸರು ಬರೆದಿಟ್ಟರೆ ಗೆದ್ದಲಿಗೂ ಎಡೆಯಿಲ್ಲ, ಹುಡುಕಾಟಕ್ಕೂ ಎಡೆಯಿಲ್ಲ.

ಮುಂದಿನ ಶ್ರುತಪಂಚಮಿಯೊಳಗೆ ನಮ್ಮ ಅಟ್ಟವನ್ನೋ ಶೆಡ್ಡನ್ನೋ ಒಮ್ಮೆ ತೆರೆಯೋಣ. ಪ್ರತಿಯೊಂದು ವಸ್ತುವನ್ನೂ ಕೈಗೆತ್ತಿಕೊಂಡು, ಇದು ನಮಗೆ ಬೇಕೇ, ಇನ್ನಾರಿಗಾದರೂ ಹೆಚ್ಚು ಬೇಕೇ ಎಂದು ಕೇಳಿಕೊಳ್ಳೋಣ. ಉಳಿದದ್ದರ ಪಟ್ಟಿ ಬರೆದು, ಅದರ ಕೆಳಗೆ ‘ಇಷ್ಟು ಸಾಕು’ ಎಂದು ಮನೆಯವರೆಲ್ಲ ಸಹಿ ಮಾಡೋಣ. ಪರಿಮಾಣವ್ರತದ ಮೊದಲ ಮೆಟ್ಟಿಲು ಅಷ್ಟು ಹತ್ತಿರದಲ್ಲೇ ಇದೆ.